ತಂತಿಗೆ ಬೈಯುವ ಮೊದಲು: ಏಕತಾರಿ, ಚೌಡಿಕೆ, ತಂಬೂರಿ ಕೆಟ್ಟರೆ ಎಲ್ಲಿ ನೋಡಬೇಕು

ಶ್ರಾವಣದ ಒಂದು ಸೋಮವಾರ, ಗುಡಿಯಲ್ಲಿ ಅಹೋರಾತ್ರಿ ಭಜನೆ. ಹಾರ್ಮೋನಿಯಂ ಪೇಟಿಯವರು ಕಾಳಿ ಒಂದರಲ್ಲಿ (ಪೇಟಿಯ ಮೊದಲ ಕಪ್ಪು ಮನೆಯ ಸ್ವರ) ಕೂತಿದ್ದರು. ಸೋರೆ ಬುರುಡೆಗೆ ಚರ್ಮ ಹೊದಿಸಿ ಒಂದೇ ತಂತಿ ಕಟ್ಟಿದ ನನ್ನ ಏಕತಾರಿ ಮಾತ್ರ ಪದ ಮುಗಿಯುವಷ್ಟರಲ್ಲಿ ಅರ್ಧ ಸ್ವರ ಕೆಳಗೆ ಬಂದಿರುತ್ತಿತ್ತು. ತಂತಿ ಹಳೆಯದಾಯಿತು ಅಂದುಕೊಂಡು ಬದಲಿಸಿದೆ. ಹೊಸದು ಇನ್ನೂ ಜಾಸ್ತಿ ಇಳಿಯಿತು. ಮತ್ತೊಂದು ಹಾಕಿದೆ. ತಂತಿ ಬಿಗಿಸುವ ಬಿರಡೆಗೆ ಸೀಮೆಸುಣ್ಣ ಸವರಿದೆ. ರಾತ್ರಿ 2 ಗಂಟೆ ಹೊತ್ತಿಗೆ ತಾಳ ಹಾಕುತ್ತಿದ್ದ ಅಜ್ಜ ಒಬ್ಬರಿಗೆ ತಡೆಯಲಾಗಲಿಲ್ಲ. ಏಕತಾರಿ ಕಸಿದುಕೊಂಡು ಬುರುಡೆಯ ಚರ್ಮದ ಮೇಲೆ ಹೆಬ್ಬೆರಳು ಒತ್ತಿದರು.

“ತಮ್ಮಾ, ತಂತಿ ಏನ್ ಮಾಡೇತಿ ನಿನಗ? ಚರ್ಮ ಮುಟ್ಟಿ ನೋಡು. ನೆನೆದ ಹಪ್ಪಳ ಆಗೇತಿ.”

ಹೊರಗೆ ಜಿಟಿಜಿಟಿ ಮಳೆ. ನಾನು ಕೂತಿದ್ದು ಬಾಗಿಲ ಪಕ್ಕದಲ್ಲಿ, ಎರಚಲು ಗಾಳಿಗೆ. ಅಜ್ಜ ಅದನ್ನು ಪ್ರಸಾದದ ಒಲೆಯಿಂದ ಒಂದು ಮಾರು ದೂರ ಹಿಡಿದು ಕೂತರು. ಹತ್ತು ನಿಮಿಷ ಬಿಟ್ಟು ತಂದಾಗ ಸ್ವರ ಇಳಿಯುವುದು ಹೋಗಲಿ, ಕಾಳಿ ಒಂದನ್ನೂ ದಾಟಿ ಮೇಲೆ ಹೋಗಿತ್ತು. ನನ್ನ ಎರಡು ಒಳ್ಳೆಯ ತಂತಿ ಸುಮ್ನೆ ಹಾಳಾಗಿದ್ದವು.

ಆಮೇಲೆ ಸುತ್ತಲಿನ ಮೇಳಗಳವರು ವಾದ್ಯ ಕೆಟ್ಟರೆ ನನ್ನ ಹತ್ತಿರ ತರಲು ಶುರು ಮಾಡಿದರು. ನಾನು ವಾದ್ಯ ಮಾಡುವವನಲ್ಲ, ಬಾರಿಸುವವನು. ಕೆಟ್ಟಿದ್ದನ್ನು ನೋಡಿ ನೋಡಿ ಕಲಿತದ್ದು ಇಷ್ಟು: ತೊಂದರೆ ಕೇಳಿಸುವುದು ತಂತಿಯಲ್ಲಿ, ಇರುವುದು ಬಹಳ ಸಲ ಬೇರೆ ಕಡೆ. ಹಾಗಾಗಿ ಕೆಳಗೆ ಹೇಳುವುದನ್ನೆಲ್ಲ ಒಂದೇ ಷರತ್ತಿನ ಮೇಲೆ ಓದಿ. ಎಲ್ಲಿ ಕೆಟ್ಟಿದೆ ಅಂತ ಗೊತ್ತಾಗುವ ತನಕ ಏನನ್ನೂ ಬಿಚ್ಚಬೇಡಿ. ಬಿಚ್ಚಿದ ಮೇಲೆ ಸಾಕ್ಷಿ ಉಳಿಯುವುದಿಲ್ಲ.

ಸ್ವರ ನಿಲ್ಲುತ್ತಿಲ್ಲ

ನೂರಕ್ಕೆ ಎಂಬತ್ತು ಜನ ಇದೇ ದೂರು ತರುತ್ತಾರೆ ಅನ್ನಿ. ಲೆಕ್ಕ ಇಟ್ಟಿಲ್ಲ, ಹಾಗೆ ಅನ್ನಿಸುತ್ತದೆ.

ಮೊದಲು ಒಂದು ಅಂದಾಜು ಕೊಡುತ್ತೇನೆ. ಸುಮಾರು 75 ಸೆಂಟಿಮೀಟರ್ ಉದ್ದದ ಏಕತಾರಿಗೆ 30 ನಂಬರಿನ ಉಕ್ಕಿನ ತಂತಿ ಹಾಕಿ ಗಂಡಸಿನ ಕಾಳಿ ಒಂದಕ್ಕೆ ಏರಿಸಿದರೆ ತಂತಿಯ ಮೇಲೆ ಬೀಳುವ ಎಳೆತ ಎರಡೂಮುಕ್ಕಾಲು ಕಿಲೋ. ಇದರಲ್ಲಿ ನೂರಕ್ಕೆ 11 ರಷ್ಟು ಕಡಿಮೆಯಾದರೆ ಅರ್ಧ ಸ್ವರ ಹೋಯಿತು. ಅಷ್ಟು ಕಡಿಮೆಯಾಗಲು ತಂತಿ ಎಷ್ಟು ಸಡಿಲವಾಗಬೇಕು ಗೊತ್ತಾ? 0.15 ಮಿಲಿಮೀಟರ್. ನೋಟ್‌ಬುಕ್ಕಿನ ಒಂದೆರಡು ಹಾಳೆಯ ದಪ್ಪ. ಕಣ್ಣಿಗೆ ಏನೂ ಕಾಣುತ್ತಿಲ್ಲ, ಎಲ್ಲ ಗಟ್ಟಿಯಾಗೇ ಇದೆ ಅಂತ ನೀವು ಹೇಳುವುದು ಇದಕ್ಕೇ. ಕಾಣುವಷ್ಟು ಜಾರಬೇಕಾಗಿಲ್ಲ.

ಈಗ ಪ್ರಶ್ನೆ: ಸ್ವರ ಯಾವ ಕಡೆ ಹೋಗುತ್ತಿದೆ? ಬಿರಡೆ ಜಾರಿದರೆ ಸ್ವರ ಇಳಿಯುತ್ತದೆ, ಏರುವುದು ಸಾಧ್ಯವೇ ಇಲ್ಲ. ಹೊಸ ತಂತಿ ಹಿಗ್ಗಿದರೂ ಅಷ್ಟೇ, ಇಳಿತವೊಂದೇ. ಆದರೆ ಬೆಳಿಗ್ಗೆ ಇಳಿದು, ಮಧ್ಯಾಹ್ನ ಬಿಸಿಲು ಬಂದ ಮೇಲೆ ತಾನಾಗಿ ಏರಿದರೆ? ಅದು ಚರ್ಮ. ವೇದಿಕೆಯ ದೊಡ್ಡ ದೀಪದ ಕೆಳಗೆ ಕೂತು ಅರ್ಧ ಗಂಟೆಯಲ್ಲಿ ಸ್ವರ ಏರಿದರೂ ಚರ್ಮವೇ. ಈ ಒಂದು ಪ್ರಶ್ನೆಗೆ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿಯಿತು.

ಸ್ವರ ಬರೀ ಇಳಿಯುತ್ತಿದ್ದರೆ ಬಿರಡೆಯೋ ಅಲ್ಲವೋ ಅಂತ ಮೊದಲು ತೀರ್ಮಾನಿಸಬೇಕು. ಬಿರಡೆ ಮತ್ತು ತೂತಿನ ಮೇಲೆ ಪೆನ್ಸಿಲ್ ಗೆರೆ ಎಳೆದು ನೋಡಿ ಅಂತ ಕೆಲವರು ಹೇಳುತ್ತಾರೆ. ನಾನೂ ಹಾಗೇ ಮಾಡುತ್ತಿದ್ದೆ. ಅದು ಸಾಲುವುದಿಲ್ಲ, ಯಾಕೆಂದರೆ ಅರ್ಧ ಸ್ವರ ಹೋಗಲು ಬಿರಡೆ ಎರಡು ಡಿಗ್ರಿಯೂ ತಿರುಗಬೇಕಿಲ್ಲ. ಹೀಗೆ ಮಾಡಿ: ಪೊರಕೆಯಿಂದ ಒಂದು ಗೇಣು ಕಡ್ಡಿ ಮುರಿದುಕೊಳ್ಳಿ. ರಬ್ಬರ್ ಬ್ಯಾಂಡ್ ಹಾಕಿ ಬಿರಡೆಯ ತಲೆಗೆ ಅಡ್ಡವಾಗಿ, ದಂಡಿಯ ಉದ್ದಕ್ಕೆ ಬರುವಂತೆ ಕಟ್ಟಿ. ಕಡ್ಡಿಯ ತುದಿ ಎಲ್ಲಿ ನಿಲ್ಲುತ್ತದೋ ಅಲ್ಲಿ ದಂಡಿಯ ಮೇಲೆ ಗುರುತು ಹಾಕಿ. ಸ್ವರ ಕೂಡಿಸಿ ಎರಡು ಪದ ಹಾಡಿ. ಬಿರಡೆ ಜಾರಿದ್ದರೆ ಕಡ್ಡಿಯ ತುದಿ 4–5 ಮಿಲಿಮೀಟರ್ ಸರಿದಿರುತ್ತದೆ, ಕುರುಡನಿಗೂ ಕಾಣುತ್ತದೆ. ಕಡ್ಡಿ ಅಲ್ಲೇ ಇದ್ದು ಸ್ವರ ಇಳಿದಿದ್ದರೆ ಬಿರಡೆಯ ತಪ್ಪಿಲ್ಲ.

ಬಿರಡೆಯೇ ಅಂತ ಗೊತ್ತಾದರೆ ಹೊರಗೆ ತೆಗೆದು ಅದರ ಮೈ ನೋಡಿ. ತೂತಿನೊಳಗೆ ಉಜ್ಜಿದ ಜಾಗ ಹೊಳೆಯುತ್ತಿರುತ್ತದೆ. ಹೊಳಪು ಸುತ್ತಲೂ ಒಂದೇ ಸಮ ಇದ್ದರೆ ಒಣ ಸೀಮೆಸುಣ್ಣ ಸವರಿ, ಒಳಕ್ಕೆ ಒತ್ತುತ್ತಾ ತಿರುಗಿಸಿದರೆ ಸಾಕು. ಹೊಳಪು ಒಂದೇ ಮಗ್ಗುಲಲ್ಲಿದ್ದರೆ ಬಿರಡೆ ಸವೆದು ಮೊಟ್ಟೆಯಾಕಾರ ಆಗಿದೆ ಅಂತ ಅರ್ಥ. ಆಗ ಸೀಮೆಸುಣ್ಣ ಒಂದು ರಾತ್ರಿಗೆ ಬಂತು, ಅಷ್ಟೇ. ಬಡಿಗರ ಹತ್ತಿರ ಹೊಸ ಬಿರಡೆ ಕಡೆಸಬೇಕು. ದಯವಿಟ್ಟು ಅಂಟು ಹಾಕಬೇಡಿ. ನನ್ನ ಹತ್ತಿರ ಬಂದ ಒಂದು ಏಕತಾರಿಯ ಬಿರಡೆಗೆ ಯಾರೋ ಪುಣ್ಯಾತ್ಮರು ಅಂಟು ಸುರಿದಿದ್ದರು. ಸ್ವರ ನಿಂತಿತ್ತು ನಿಜ, ಯಾರ ಕಂಠಕ್ಕೂ ಹೊಂದದ ಜಾಗದಲ್ಲಿ.

ಮಳೆಗಾಲದಲ್ಲಿ ಉಲ್ಟಾ ಆಗುತ್ತದೆ. ಬಿರಡೆ ಊದಿಕೊಂಡು ತಿರುಗುವುದೇ ಇಲ್ಲ. ಇಕ್ಕಳ ಹಾಕಿದರೆ ತಲೆ ಮುರಿಯುತ್ತದೆ. ಒಂದು ದಿನ ಅಕ್ಕಿ ಡಬ್ಬಿಯ ಪಕ್ಕದ ಒಣ ಜಾಗದಲ್ಲಿಡಿ. ಆಮೇಲೆ ಹಿಂದಿನಿಂದ ಕೈಯಲ್ಲೇ ಮೆಲ್ಲಗೆ ತಳ್ಳಿ.

ಬಿರಡೆ ಸರಿ ಇದ್ದು, ತಂತಿ ಹೊಸದಾಗಿದ್ದರೆ ಅದಕ್ಕೆ ಹಿಗ್ಗುವ ಅವಕಾಶ ಕೊಡಬೇಕು. ನಡುವೆ ಬೆರಳು ಹಾಕಿ ಮೆಲ್ಲಗೆ ಎಳೆದು ಬಿಡಿ, ಸ್ವರ ಕೂಡಿಸಿ, ಮತ್ತೆ ಎಳೆಯಿರಿ. ಐದಾರು ಸಲ ಮಾಡಿದರೆ ನಿಲ್ಲುತ್ತದೆ. ಹಿಗ್ಗುವುದು ಅಂತೀವಿ, ಆದರೆ ನಿಜವಾಗಿ ಬಿಗಿಯಾಗುವುದು ಬಿರಡೆಯ ಸುತ್ತು ಮತ್ತು ಕೆಳಗಿನ ಗಂಟು. ಸುತ್ತು ಮೂರು ನಾಲ್ಕು ಇರಲಿ, ಒಂದರ ಮೇಲೊಂದು ಹತ್ತದಿರಲಿ. ಕಾರ್ಯಕ್ರಮದ ದಿನ ಹೊಸ ತಂತಿ ಹಾಕುವವರಿಗೆ ನಾನು ಏನೂ ಹೇಳುವುದಿಲ್ಲ. ನಾನೂ ಹಾಕಿದವನೇ.

ಚರ್ಮ

ಏಕತಾರಿಯಲ್ಲಿ ತಂತಿಯನ್ನು ಎತ್ತಿ ಹಿಡಿಯುವ ಕುದುರೆ ಚರ್ಮದ ಮೇಲೆ ಕೂತಿರುತ್ತದೆ. ಚರ್ಮ ತೇವ ಹೀರಿ ಸಡಿಲವಾದರೆ ಕುದುರೆ ತಗ್ಗುತ್ತದೆ, ತಂತಿಯ ಬಿಗಿ ಹೋಗುತ್ತದೆ. ಎಲ್ಲಮ್ಮನ ಪದಗಳಿಗೆ ಬಾರಿಸುವ ಚೌಡಿಕೆಯಲ್ಲಿ ಇನ್ನೂ ನೇರ. ಅಲ್ಲಿ ತಂತಿ ಕಟ್ಟಿರುವುದೇ ಚರ್ಮದ ನಟ್ಟನಡುವೆ. ಚರ್ಮ ಕೂದಲೆಳೆಯಷ್ಟು ಜಗ್ಗಿದರೂ ಸ್ವರದಲ್ಲಿ ಕೇಳಿಸುತ್ತದೆ. ಬನದ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡದ ಒಣ ಚಳಿಯಲ್ಲಿ ಗಂಟೆಯ ಹಾಗೆ ನುಡಿದ ಚೌಡಿಕೆ ಶ್ರಾವಣದಲ್ಲಿ ಮನೆಯಲ್ಲೇ ಮಂಕಾಗುತ್ತದೆ. ಅದು ದೋಷ ಅಲ್ಲ, ಹವಾಮಾನ.

ಪರೀಕ್ಷೆ ಸುಲಭ. ತಂತಿಯನ್ನು ಒಂದು ಕೈಯಲ್ಲಿ ಮುಚ್ಚಿ ಹಿಡಿದು, ಚರ್ಮಕ್ಕೆ ಉಗುರಿನಿಂದ ಹೊಡೆಯಿರಿ. ಒಣಗಿದ್ದು ‘ಟಣ್’ ಅನ್ನುತ್ತದೆ, ನೆನೆದದ್ದು ‘ಡಬ್’. ಅಂಚಿನ ಸುತ್ತ ಆರೆಂಟು ಕಡೆ ಹೊಡೆಯಿರಿ. ಎಲ್ಲ ಕಡೆ ‘ಡಬ್’ ಅಂದರೆ ತೇವ. ಒಂದು ಕಡೆ ಮಾತ್ರ ‘ಡಬ್’ ಅಂದರೆ ಅಲ್ಲಿ ಅಂಟು ಬಿಟ್ಟಿದೆ ಅಥವಾ ಮೊಳೆ ಸಡಿಲವಾಗಿದೆ. ಎರಡಕ್ಕೂ ಮದ್ದು ಬೇರೆ, ಅದಕ್ಕೇ ಹೊಡೆದು ನೋಡಬೇಕು.

ತೇವವಾದರೆ ಒಲೆ, ಬಿಸಿಲು, ಹಳದಿ ಬಲ್ಬು ಯಾವುದಾದರೂ ಸರಿ. ಆದರೆ ವಾದ್ಯ ಹಿಡಿದ ನಿಮ್ಮ ಕೈಗೆ ಬೆಚ್ಚಗೆ ಅನ್ನಿಸಬೇಕು, ಸುಡಬಾರದು. ಕಾಯಿಸುವ ಮೊದಲು ಬಿರಡೆಯನ್ನು ಸ್ವಲ್ಪ ಇಳಿಸಿ. ಚರ್ಮ ಬಿಗಿಯಾಗುವಾಗ ತಂತಿಯನ್ನೂ ಎಳೆಯುತ್ತದೆ, ಎರಡೂ ಜಗಳಕ್ಕೆ ಬಿದ್ದರೆ ಹರಿಯುವುದು ಚರ್ಮವೇ. ಚೌಡಿಕೆಯಲ್ಲಂತೂ ನಡುವಿನ ತೂತು ಸೀಳಿಬಿಡುತ್ತದೆ. ಎಣ್ಣೆ ಹಚ್ಚಿದರೆ ಮೃದುವಾಗಿ ಚೆನ್ನಾಗಿರುತ್ತದೆ ಅನ್ನುವವರಿದ್ದಾರೆ. ಮೃದುವಾಗಲು ಅದೇನು ಚಪ್ಪಲಿಯಾ?

ಅಂಚು ಬಿಟ್ಟಿದ್ದರೆ ಹುಣಸೆ ಬೀಜದ ಅಂಟು ನನಗೆ ಒಗ್ಗಿದೆ. ಬೀಜ ಹುರಿದು ಸಿಪ್ಪೆ ತೆಗೆದು, ನೆನೆಸಿ ಅರೆದು, ಕುದಿಸಿದರೆ ಆಯಿತು. ಹಚ್ಚಿ, ಸುತ್ತಲೂ ದಾರ ಬಿಗಿದು, ನೆರಳಲ್ಲಿ ಎರಡು ಮೂರು ದಿನ ಬಿಡಿ. ಒಣಗುವ ಮುಂಚೆ ಸ್ವರ ಏರಿಸಿ ನೋಡುವ ಚಪಲ ಬೇಡ.

ಚೌಡಿಕೆಯ ನಡುತೂತು ದೊಡ್ಡದಾಗಿದ್ದರೆ ಗುರುತಿಸುವುದು ಹೀಗೆ: ಮೀಟಿದಾಗ ಸ್ವರ ಮೊದಲು ಏರಿ ಆಮೇಲೆ ಇಳಿಯುತ್ತದೆ, ಜೊತೆಗೆ ಸಣ್ಣಗೆ ‘ಟಿಕ್’ ಅನ್ನುತ್ತದೆ. ತಂತಿಯ ಗಂಟು ತೂತಿನೊಳಗೆ ನುಸುಳುತ್ತಿದೆ. ಹೊಲಿಯಲು ಹೋಗಬೇಡಿ. ಗಂಟಿಗೆ ಆಸರೆಯಾಗಿ ಗಟ್ಟಿ ತೊಗಲಿನ ಬಿಲ್ಲೆ ಕೊಟ್ಟರೆ ತೂಕ ಹರಡುತ್ತದೆ. ತುರ್ತಿಗೆ ಕೋಟಿನ ದೊಡ್ಡ ಗುಂಡಿಯೂ ನಡೆಯುತ್ತದೆ. ಸೀಳು ಬೆರಳಗಲ ದಾಟಿದ್ದರೆ ಹೊಸ ಚರ್ಮವೇ ಗತಿ.

ಗರಗರ

ಇಲ್ಲಿ ಒಂದು ಗೊಂದಲ ಇದೆ. ತಂಬೂರಿಗೆ ಝೇಂಕಾರ ಬೇಕು, ಅದಕ್ಕಾಗಿಯೇ ಕುದುರೆಯ ಮೇಲೆ ತಂತಿಯ ಕೆಳಗೆ ದಾರ ಇಡುತ್ತೇವೆ. ಆ ದಾರಕ್ಕೆ ಜೀವಾಳಿ ಅನ್ನುತ್ತಾರೆ, ಝೇಂಕಾರಕ್ಕೆ ಜವಾರಿ. (ನಮ್ಮ ಕಡೆ ಜವಾರಿ ಅಂದರೆ ಬದನೆಕಾಯಿಯೂ ನೆನಪಾಗುತ್ತದೆ, ಇರಲಿ.) ಬೇಕಾದ ಝೇಂಕಾರ ಮೀಟಿದ ಮೇಲೆ ಅರಳಿ ನಿಧಾನಕ್ಕೆ ಕರಗುತ್ತದೆ. ಬೇಡದ ಗರಗರ ಮೀಟಿದ ತಕ್ಷಣ ಜೋರಾಗಿ ಬಂದು, ಬೇಗ ಸತ್ತುಹೋಗುತ್ತದೆ. ಅಥವಾ ಒಂದೇ ಸ್ವರಕ್ಕೆ ಬರುತ್ತದೆ, ಉಳಿದದ್ದಕ್ಕೆ ಇಲ್ಲ.

ಬೇಡದ್ದನ್ನು ಹಿಡಿಯಲು ಇನ್ನೊಬ್ಬರು ಬೇಕು. ಅವರು ಒಂದೇ ಸಮನೆ ಮೀಟುತ್ತಿರಲಿ. ನೀವು ಒಂದೊಂದೇ ಜಾಗವನ್ನು ಬೆರಳಿನಿಂದ ಒತ್ತುತ್ತಾ ಹೋಗಿ. ಬಿರಡೆಯ ಹತ್ತಿರ ಚಾಚಿಕೊಂಡ ತಂತಿಯ ತುದಿ, ದಂಡಿಗೆ ಕಟ್ಟಿದ ಗೆಜ್ಜೆ, ಬಣ್ಣದ ಗೊಂಡೆ, ಕುದುರೆಯ ಕಾಲು, ಬುರುಡೆ ಮತ್ತು ದಂಡಿ ಸೇರುವ ಸಂದು. ಎಲ್ಲಿ ಒತ್ತಿದಾಗ ಸದ್ದು ನಿಂತಿತೋ ಅಲ್ಲೇ ಕಳ್ಳ. ಗೆಜ್ಜೆಯನ್ನು ಮೊದಲೇ ಬಿಚ್ಚಿಡಿ. ಅದೊಂದೇ ವಸ್ತುವನ್ನು ಪರೀಕ್ಷೆಗೆ ಮುಂಚೆ ಬಿಚ್ಚಲು ನನ್ನ ಅನುಮತಿ ಇದೆ.

ಎಲ್ಲಿ ಒತ್ತಿದರೂ ನಿಲ್ಲದಿದ್ದರೆ ವಾದ್ಯವನ್ನು ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿ. ಸೋರೆ ಬುರುಡೆಯೊಳಗೆ ಒಣ ಬೀಜ, ತಿರುಳಿನ ಚೂರು ಉಳಿದಿದ್ದರೆ ಕೇಳಿಸುತ್ತದೆ. ಒಂದು ಮೇಳದವರು ಮೂರು ತಿಂಗಳು ಹುಡುಕಿದ ಗರಗರ ಕೊನೆಗೆ ಒಂದೇ ಒಂದು ಬೀಜವಾಗಿತ್ತು.

ಬೀಜವೂ ಇಲ್ಲದಿದ್ದರೆ ಬಿರುಕು. ಬುರುಡೆಯ ಮೇಲೆ ಬೆರಳ ಗಿಣ್ಣಿನಿಂದ ಬಡಿಯುತ್ತಾ ಹೋಗಿ, ಕಲ್ಲಂಗಡಿ ಕೊಳ್ಳುವಾಗ ಮಾಡುತ್ತೀರಲ್ಲ, ಹಾಗೆ. ಬಿರುಕಿದ್ದ ಕಡೆ ಒಡಕು ಮಡಕೆಯ ಸದ್ದು ಬರುತ್ತದೆ. ಬಿರುಕಿನ ಎರಡೂ ತುದಿ ಸಿಗುವ ತನಕ ಹುಡುಕಿ. ಬರೀ ನಡುವೆ ಅಂಟು ಹಾಕಿದರೆ ತುದಿಯಿಂದ ಮುಂದಕ್ಕೆ ಓಡುತ್ತದೆ.

ತಂಬೂರಿಯದು ಇನ್ನೊಂದು ಬಗೆ. ಝೇಂಕಾರವೇ ಬರುತ್ತಿಲ್ಲ, ದಾರ ಎಷ್ಟು ಸರಿಸಿದರೂ ಮೊಂಡ ಸದ್ದು. ನಾಲ್ಕರಲ್ಲಿ ಒಂದು ತಂತಿಗೆ ಮಾತ್ರ ಹೀಗಾದರೆ ದಾರ ಬದಲಿಸಿ, ಬೇರೆ ದಪ್ಪದ್ದು ಇಟ್ಟು ನೋಡಿ. ನಾಲ್ಕಕ್ಕೂ ಹಾಗೇ ಆದರೆ ಕುದುರೆಯ ಮೇಲ್ಮೈಯನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ತಂತಿ ಕೊರೆದ ಗೀರು ಕಾಣುತ್ತದೆ. ತಂತಿ ಆ ಗೀರಿನಲ್ಲಿ ಹೂತು ಕೂತಿರುವುದರಿಂದ ದಾರಕ್ಕೆ ಕೆಲಸವೇ ಇಲ್ಲ. ಇದನ್ನು ಅರ ಹಿಡಿದು ನೀವೇ ಉಜ್ಜಬೇಡಿ. ಆ ಮೇಲ್ಮೈ ಸಪಾಟು ಕಂಡರೂ ಸಪಾಟಲ್ಲ, ಬಹಳ ನಾಜೂಕಾದ ಉಬ್ಬು ಅದು. ನಮ್ಮ ಕಡೆಯವರಿಗೆ ತಂತಿವಾದ್ಯ ಮಾಡುವವರ ಊರು ಮಿರಜ್ ಇದೆ. ಬೆಂಗಳೂರು ಕಡೆಯವರಿಗೆ ದೊಡ್ಡಬಳ್ಳಾಪುರ ತಾಲ್ಲೂಕಿನ ಸಿಂಪಾಡಿಪುರದಲ್ಲಿ ವೀಣೆ ಮಾಡುವ ಮನೆಗಳಿವೆ. ಕುದುರೆಯ ಕೆಲಸ ಬಲ್ಲ ಕೈಗೆ ಕೊಡಿ.

ತಂತಿ ಪದೇ ಪದೇ ಹರಿಯುತ್ತದೆ

ಹರಿದ ತಂತಿಯನ್ನು ಎಸೆಯಬೇಡಿ, ಎರಡೂ ತುಂಡು ಇಟ್ಟುಕೊಳ್ಳಿ. ಮೇಲೆ ಎರಡೂಮುಕ್ಕಾಲು ಕಿಲೋ ಅಂದೆನಲ್ಲ, ಒಳ್ಳೆಯ ಉಕ್ಕಿನ ತಂತಿ ಅದರ ನಾಲ್ಕೈದು ಪಟ್ಟು ಆರಾಮಾಗಿ ತಡೆಯುತ್ತದೆ. ಹಾಗಾದರೆ ಅದು ಎಳೆತಕ್ಕೆ ಹರಿದದ್ದಲ್ಲ, ಗಾಯಕ್ಕೆ ಹರಿದದ್ದು. ಗಾಯ ಎಲ್ಲಿ ಅನ್ನುವುದನ್ನು ತುಂಡುಗಳು ಹೇಳುತ್ತವೆ. ಎರಡು ಮೂರು ಸಲ ಒಂದೇ ಜಾಗದಲ್ಲಿ ಹರಿದಿದ್ದರೆ ಆ ಜಾಗಕ್ಕೆ ಮುಟ್ಟುವ ಭಾಗದಲ್ಲಿ ಚೂಪು ಇದೆ: ಬಿರಡೆಯ ತೂತಿನ ಅಂಚು, ಕುದುರೆಯ ಗೀರು. ಹತ್ತಿಯ ಎಳೆಯನ್ನು ಅಲ್ಲಿ ಎಳೆದಾಡಿ. ಹತ್ತಿ ಸಿಕ್ಕಿಕೊಂಡರೆ ಚೂಪು ಸಿಕ್ಕಿತು, ಸಣ್ಣ ಮರಳು ಕಾಗದ ಸಾಕು (ತಂಬೂರಿಯ ಕುದುರೆಗೆ ಮಾತ್ರ ಬೇಡ, ಅದನ್ನು ಬಲ್ಲ ಕೈಗೇ ಕೊಡಿ). ಪ್ರತಿ ಸಲ ಬೇರೆ ಬೇರೆ ಜಾಗದಲ್ಲಿ ಹರಿದು, ತುದಿ ಕಂದು ಬಣ್ಣಕ್ಕೆ ತಿರುಗಿದ್ದರೆ ತುಕ್ಕು. ಅದಕ್ಕೆ ಕಾರಣ ಬೆವರು. ಚಹಾದ ಬಿಡುವಿನಲ್ಲಿ ಮಿರ್ಚಿ ತಿಂದು ಕೈ ಒರೆಸದೆ ಬಂದು ಕೂರುವವರ ವಾದ್ಯ ನೋಡಿದರೆ ಗೊತ್ತಾಗುತ್ತದೆ, ಉಪ್ಪು ಸುಮ್ಮನೆ ಬಿಡುವುದಿಲ್ಲ.

ನಂಬರಿನ ಎಡವಟ್ಟು ಬೇರೆ. ತಂತಿಯ ನಂಬರ್ ಜಾಸ್ತಿಯಾದಷ್ಟೂ ತಂತಿ ತೆಳ್ಳಗೆ. 30 ನಂಬರ್ ಅಂದರೆ 0.315 ಮಿಲಿಮೀಟರ್, 28 ಅಂದರೆ 0.376. ಎರಡು ನಂಬರ್ ಕಡಿಮೆ, ಏನು ಮಹಾ ಅಂತ 28 ಹಾಕಿದರೆ ಅದೇ ಸ್ವರಕ್ಕೆ ನೂರಕ್ಕೆ 40 ರಷ್ಟು ಜಾಸ್ತಿ ಎಳೆತ ಬೇಕು. ತಂತಿಗೆ ಏನೂ ಆಗುವುದಿಲ್ಲ. ಬಿರಡೆ ಜಾರುತ್ತದೆ, ಚರ್ಮ ಜಗ್ಗುತ್ತದೆ, ಬಿದಿರಿನ ದಂಡಿ ಬಾಗುತ್ತದೆ. “ತಂತಿ ಬದಲಿಸಿದ ಮೇಲೆ ಎಲ್ಲ ಕೆಟ್ಟುಹೋಯಿತು” ಅಂತ ಬರುವವರನ್ನು ನಾನು ಮೊದಲು ಕೇಳುವುದೇ ನಂಬರ್.

ಸೈಕಲ್ ಬ್ರೇಕ್ ವೈರಿನ ಎಳೆ ಹಾಕುವವರು ಇನ್ನೂ ಇದ್ದಾರೆ. ನಾನೂ ಕಷ್ಟಕಾಲದಲ್ಲಿ ಹಾಕಿದ್ದೇನೆ. ಅದು ಹುರಿಯಿಂದ ಬಿಚ್ಚಿದ ಎಳೆ, ಉದ್ದಕ್ಕೂ ಸುರುಳಿಯ ನೆನಪು ಉಳಿದಿರುತ್ತದೆ. ಒಂದು ಮೀಟಿಗೆ ಎರಡು ಸ್ವರ ಅಲೆಅಲೆಯಾಗಿ ಕೇಳಿಸುತ್ತದೆ. ಯಾವ ತಂತಿಯಾದರೂ ಹೀಗೆ ಅನುಮಾನ ಬಂದರೆ, ಸರಿಯಾಗಿ ಅರ್ಧ ಉದ್ದದಲ್ಲಿ ಬೆರಳು ಮುಟ್ಟಿಸಿ ಮೀಟಿ, ತಕ್ಷಣ ಬೆರಳು ತೆಗೆಯಿರಿ. ಮೇಲಿನ ಷಡ್ಜ ಶುದ್ಧವಾಗಿ ಬಂದರೆ ತಂತಿ ಒಳ್ಳೆಯದು. ಸೊಟ್ಟ ಬಂದರೆ ತಂತಿಯನ್ನೇ ಬದಲಿಸಿ. ನೋಡಿ, ತಂತಿಗೆ ನ್ಯಾಯವಾಗಿ ಬೈಯಬಹುದಾದ ಸಂದರ್ಭ ಇದೊಂದೇ.

ಮೈಕ್ ಕೊಟ್ಟ ಮೇಲೆ ಶುರುವಾದ ತೊಂದರೆ

ಮೈಕ್ ಇಲ್ಲದೆ ಬಾರಿಸಿದಾಗ ಸರಿ ಇತ್ತೇ? ಇದ್ದರೆ ವಾದ್ಯವನ್ನು ಬಿಟ್ಟುಬಿಡಿ, ಅದರ ತಪ್ಪಿಲ್ಲ.

ಚರ್ಮದ ಮೇಲೆ ಅಂಟಿಸಿ ಅದರ ಕಂಪನ ಹಿಡಿಯುವ ಪಿಕಪ್ ಬಿಲ್ಲೆ ಈಗ ಎಲ್ಲರ ಹತ್ತಿರ ಇದೆ. ಅದನ್ನು ನೇರ ಮಿಕ್ಸರಿಗೆ ಚುಚ್ಚಿದರೆ ಏಕತಾರಿ ತಗಡಿನ ಡಬ್ಬಿಯ ಹಾಗೆ ಕೇಳಿಸುತ್ತದೆ. ಬಿಲ್ಲೆ ಕೆಟ್ಟಿಲ್ಲ. ಆ ಬಗೆಯ ಬಿಲ್ಲೆಗೆ ಮುಂದೆ 10 ಲಕ್ಷ ಓಮ್ ತಡೆ ಇರುವ ಬಾಗಿಲು (ಇನ್‌ಪುಟ್) ಬೇಕು, ಮಿಕ್ಸರಿನದು ಸಾವಿರಗಳ ಲೆಕ್ಕದ್ದು. ಹಾಗಾಗಿ ಮಂದ್ರವೆಲ್ಲ ಸೋರಿಹೋಗುತ್ತದೆ. ಎರಡನ್ನೂ ಹೊಂದಿಸಲು ನಡುವೆ ಪ್ರೀಆಂಪ್ ಅನ್ನುವ ಚಿಕ್ಕ ಪೆಟ್ಟಿಗೆ ಬೇಕು. ಅದರ 9 ವೋಲ್ಟ್ ಬ್ಯಾಟರಿ ಇಳಿದರೆ ಸದ್ದು ಒಡೆಯುತ್ತದೆ, ಆ ತಪ್ಪನ್ನೂ ಚರ್ಮದ ತಲೆಗೆ ಕಟ್ಟಬೇಡಿ.

‘ಗುಂಯ್’ ಅನ್ನುವ ಒಂದೇ ಸಮನೆಯ ಸದ್ದು ಕರೆಂಟಿನದು. ಮೊದಲು ವೈರ್ ಬದಲಿಸಿ ನೋಡಿ, ಬಹಳ ಸಲ ಅಲ್ಲೇ ಮುಗಿಯುತ್ತದೆ. ಮುಗಿಯದಿದ್ದರೆ ಪಿಕಪ್ಪಿನ ಪಿನ್ನಿನ ಲೋಹ ಮುಟ್ಟಿ. ಮುಟ್ಟಿದಾಗ ಸದ್ದು ಕಡಿಮೆಯಾದರೆ ಅರ್ಥಿಂಗ್ ಸರಿ ಇಲ್ಲ ಅಂತ ಮೈಕಿನವರಿಗೆ ಹೇಳಿ. ಮುಟ್ಟಿದಾಗ ಜುಮ್ ಅಂದರೆ ತಕ್ಷಣ ಎಲ್ಲ ಬಂದ್ ಮಾಡಿಸಿ, ಅದು ಸ್ವರದ ವಿಷಯವಲ್ಲ. ಸದ್ದು ನಿಲ್ಲಿಸಲು ಪ್ಲಗ್ಗಿನ ಮೂರನೇ ಪಿನ್ ಮುರಿಯುವುದನ್ನು ಜಾತ್ರೆಗಳಲ್ಲಿ ಕಣ್ಣಾರೆ ಕಂಡಿದ್ದೇನೆ. ಮಳೆಯಲ್ಲಿ ಒದ್ದೆ ನೆಲದ ಮೇಲೆ ಕೂತು ಹಾಡುವವರು ನಾವು. ಅದಕ್ಕೆ ಒಪ್ಪಬೇಡಿ.

ಕೂಗು ಬಂದರೆ, ಅಂದರೆ ‘ಕುಂಯ್’ ಅಂತ ಏರುತ್ತಾ ಹೋದರೆ, ಬುರುಡೆಯ ಮುಖ ಸ್ಪೀಕರಿನ ಕಡೆಗಿದೆ ಅಂತ ಅರ್ಥ. ತಿರುಗಿ ಕೂತುಕೊಳ್ಳಿ. ಬುರುಡೆಯ ತೂತಿಗೆ ಟವೆಲ್ಲಿನ ತುದಿ ತುರುಕಿ.

ದುರಸ್ತಿಗೆ ಕಳಿಸುವಾಗ

ಬಸ್ಸಿನಲ್ಲಿ ಒಯ್ಯುವುದಾದರೆ ತಂತಿಗಳನ್ನು ಒಂದೆರಡು ಸುತ್ತು ಇಳಿಸಿ, ಪೂರ್ತಿ ಬಿಚ್ಚಬೇಡಿ. ಪೂರ್ತಿ ಬಿಚ್ಚಿದರೆ ಕುದುರೆ ಬಿದ್ದುಹೋಗುತ್ತದೆ. ಅದಕ್ಕೇ ಮೊದಲೇ ಕುದುರೆಯ ಕಾಲಿನ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದಿಡಿ. ಬುರುಡೆಗೆ ಹಳೆ ಸೀರೆ ಸುತ್ತಿ, ಮಡಿಲಲ್ಲಿ ಇಟ್ಟುಕೊಂಡು ಕೂರಿ. ಮೇಲಿನ ಕ್ಯಾರಿಯರ್ ಬೇಡ, ಎಂಜಿನ್ ಪಕ್ಕದ ಬಿಸಿ ಜಾಗವೂ ಬೇಡ. ಹರಿದ ತಂತಿಯ ತುಂಡುಗಳನ್ನು ಒಂದು ಲಕೋಟೆಯಲ್ಲಿ ಹಾಕಿ ಜೊತೆಗೆ ಒಯ್ಯಿರಿ. ಸ್ವರ ಯಾವಾಗ ಇಳಿಯಿತು, ಯಾವಾಗ ಏರಿತು, ಮಳೆ ಇತ್ತೇ, ಬಿಸಿಲಿತ್ತೇ ಅಂತ ನಾಲ್ಕು ಸಾಲು ಬರೆದು ಅದರೊಳಗೇ ಇಡಿ. ಕುಶಲಕರ್ಮಿಯ ಕೈಗೆ ವಾದ್ಯ ಹೋಗುವ ದಿನ ಅವರ ಊರಲ್ಲಿ ಒಣ ಹವೆ ಇದ್ದರೆ ಅದು ಚೆನ್ನಾಗಿಯೇ ನುಡಿಯುತ್ತದೆ, ಆಗ ನಿಮ್ಮ ಪರವಾಗಿ ಮಾತಾಡಲು ಆ ಚೀಟಿ ಮಾತ್ರ ಇರುತ್ತದೆ.